ಲಾಭ ಮಾಡುವ ಸಂಸ್ಥೆಯನ್ನು ಸಾಮಾಜಿಕ ಉದ್ಯಮ ಎನ್ನಬಹುದೇ?

ಕೈಮಗ್ಗದ ನೇಕಾರ ಮಹಿಳೆಯರೊಂದಿಗೆ ಒಂದು ಘಟಕವನ್ನು ಆರಂಭಿಸುವ ಆಲೋಚನೆಯಲ್ಲಿರುವ ತಾವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಏಷ್ಯಾದ ದೇಶಗಳಲ್ಲಿ ಸಾಮಾಜಿಕ ಉದ್ಯಮ, ಅಂದರೆ ಸಮಾಜದ ಒಂದು ಅಗತ್ಯವನ್ನು ಪೂರೈಸಲೆಂದೇ ನಡೆಯುವ ವ್ಯವಹಾರ, ಎನಿಸಿಕೊಂಡ ಸಂಸ್ಥೆಗಳು ಲಾಭವನ್ನೂ ಮಾಡುತ್ತಿರುವಾಗ ಅವುಗಳನ್ನು ಉಳಿದ ಕಂಪನಿಗಳಿಂದ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದು ಮೊದಲನೆಯದು. ಭಾರತದಲ್ಲಿ ಇಂತಹ ಘಟಕವನ್ನು ಯಾವ ಸ್ವರೂಪದಲ್ಲಿ ನೋಂದಾಯಿಸಬೇಕು ಎಂಬುದು ಎರಡನೆಯದು. ಸೇವಾ ಸಂಸ್ಥೆಗಳ ಮತ್ತು ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವುದೇ ನನ್ನ ವೃತ್ತಿಯಾದ್ದರಿಂದ ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ. ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚಾಗಿರುವ ಧ್ಯೇಯವಾಕ್ಯವನ್ನು ನಾನು ಓದುವುದು ಕಡೆಯಲ್ಲಿ. ಬಂಡವಾಳ ಹಾಕಿದವರು ಯಾರು, ಅವರು ಏನನ್ನು ಎಷ್ಟು ಕಾಲದೊಳಗೆ ವಾಪಸು ಬಯಸುತ್ತಾರೆ, ಖರ್ಚು ಕಳೆದು ಉಳಿದ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲು ನೋಡುತ್ತೇನೆ.

ನನ್ನ ಮಟ್ಟಿಗೆ ಸಾಮಾಜಿಕ ಉದ್ಯಮಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಮದುರೈನ ಅರವಿಂದ ಕಣ್ಣಾಸ್ಪತ್ರೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಕೇವಲ 11 ಹಾಸಿಗೆಗಳೊಂದಿಗೆ ಅದನ್ನು ಆರಂಭಿಸಿದರು. ಅಲ್ಲಿ ಹಣ ಕೊಡುವವರಿಗೂ ಉಚಿತವಾಗಿ ಬರುವವರಿಗೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಕೊಠಡಿ, ಹಾಸಿಗೆಗಳಲ್ಲಿ ವ್ಯತ್ಯಾಸವಿರಬಹುದು, ಆದರೆ ಯಾವ ಕಡೆಗೆ ಹೋಗಬೇಕೆಂಬುದನ್ನು ರೋಗಿಯೇ ತೀರ್ಮಾನಿಸುತ್ತಾನೆ, ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರೂ ಕೇಳುವುದಿಲ್ಲ. ಹಣ ಕೊಟ್ಟವರಿಂದ ಬಂದ ಉಳಿಕೆಯಲ್ಲಿ ಕೊಡಲಾಗದವರ ಚಿಕಿತ್ಸೆ ನಡೆಯಬೇಕಾದರೆ ಪ್ರತಿ ಶಸ್ತ್ರಚಿಕಿತ್ಸೆಯ ವೆಚ್ಚ ಬಹಳ ಕಡಿಮೆ ಇರಬೇಕಾಗುತ್ತದೆ, ಮತ್ತು ಈ ಸಂಸ್ಥೆಯ ನಿಜವಾದ ಪ್ರತಿಭೆ ಇರುವುದು ಅಲ್ಲಿಯೇ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜುಗಳಿರುತ್ತವೆ. ಒಂದರ ಮೇಲೆ ಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿಯನ್ನು ಸಿದ್ಧಪಡಿಸಿರುತ್ತಾರೆ, ವೈದ್ಯರು ಸೂಕ್ಷ್ಮದರ್ಶಕವನ್ನು ಆ ಕಡೆಗೆ ತಿರುಗಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ತಪಾಸಣೆ, ಸಿದ್ಧತೆ, ಆರೈಕೆಗಳೆಲ್ಲ ಹಳ್ಳಿಗಳಿಂದ ಬಂದು ಅಲ್ಲಿಯೇ ತರಬೇತಿ ಪಡೆದ ಯುವತಿಯರ ಹೊಣೆ. ಕಣ್ಣಿನೊಳಗೆ ಇಡುವ ಮಸೂರವನ್ನು ವಿದೇಶದಿಂದ ತರಿಸಿದರೆ ಈ ಲೆಕ್ಕ ಕೂಡುತ್ತಿರಲಿಲ್ಲವಾದ್ದರಿಂದ 1992ರಲ್ಲಿ ಅರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ಸ್ಥಾಪಿಸಿ, ಆಮದು ಬೆಲೆಯ ಒಂದು ಸಣ್ಣ ಪಾಲಿಗೆ ಮಸೂರಗಳನ್ನು ಒದಗಿಸತೊಡಗಿದರು. ಇಷ್ಟೆಲ್ಲ ಆದರೂ ಆಸ್ಪತ್ರೆಯ ಒಡೆತನ ಒಂದು ಟ್ರಸ್ಟ್‌ನದು. ಉಳಿಕೆಯನ್ನು ಹಂಚಿಕೊಳ್ಳುವ ಷೇರುದಾರ ಅಲ್ಲಿಲ್ಲ.

ಇದರ ಎದುರಿಗೆ ಕಿರುಸಾಲದ ಕಥೆಯನ್ನು ಇಟ್ಟು ನೋಡಬೇಕು. ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು ಆರಂಭಿಸಿದ, ಬಡವರಿಗೆ ಗುಂಪುಗಳ ಮೂಲಕ ಸಣ್ಣ ಸಾಲ ಕೊಡುವ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಅದರ ಷೇರುಗಳಲ್ಲಿ ಬಹುಪಾಲು ಸಾಲ ಪಡೆಯುವ ಮಹಿಳೆಯರ ಹೆಸರಿನಲ್ಲಿಯೇ ಇದ್ದವು. ಅದೇ ಗುಂಪು ಸಾಲದ ಪದ್ಧತಿ ನಮ್ಮಲ್ಲಿಗೆ ಬಂದಾಗ ಪದ್ಧತಿ ಉಳಿಯಿತು, ಒಡೆತನ ಬದಲಾಯಿತು. ಲಾಭರಹಿತವಾಗಿ ಹುಟ್ಟಿದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಬ್ಯಾಂಕೇತರ ಹಣಕಾಸು ಕಂಪನಿಯಾಗಿ ಪರಿವರ್ತನೆಗೊಂಡು, ಖಾಸಗಿ ಹೂಡಿಕೆದಾರರ ಬಂಡವಾಳದಿಂದ ವೇಗವಾಗಿ ಬೆಳೆದು, 2010ರ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅನೇಕ ಕಂಪನಿಗಳು ಒಂದೇ ಮನೆಗೆ ಸಾಲದ ಮೇಲೆ ಸಾಲ ಕೊಟ್ಟು ವಸೂಲಿಗೆ ಬಲವಂತ ಮಾಡುತ್ತಿವೆ ಎಂಬ ದೂರುಗಳ ಮತ್ತು ಆತ್ಮಹತ್ಯೆಯ ವರದಿಗಳ ಹಿನ್ನೆಲೆಯಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಿತು. ವಾರದ ಕಂತು ತಿಂಗಳ ಕಂತಾಯಿತು, ಮರುಪಾವತಿ ಕುಸಿಯಿತು, ಇಡೀ ಕ್ಷೇತ್ರ ತತ್ತರಿಸಿತು. ಮುಂದೆ ರಿಸರ್ವ್ ಬ್ಯಾಂಕ್ ಈ ಕಂಪನಿಗಳಿಗಾಗಿ ಪ್ರತ್ಯೇಕ ವರ್ಗವನ್ನೂ ನಿಯಮಗಳನ್ನೂ ರೂಪಿಸಿದ ಮೇಲೂ 2025ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಕೊಟ್ಟವರೆಲ್ಲ ಕೆಟ್ಟವರೆಂದು ಇದರರ್ಥವಲ್ಲ. ವರ್ಷದಿಂದ ವರ್ಷಕ್ಕೆ ಸಾಲದ ಮೊತ್ತ ಏರುತ್ತಲೇ ಇರಬೇಕೆಂದು ಬಯಸುವ ಬಂಡವಾಳ ಮೇಲಿದ್ದಾಗ, ಕೆಳಗೆ ಸೈಕಲ್ಲಿನಲ್ಲೋ ಬೈಕಿನಲ್ಲೋ ಓಡಾಡುವ ವಸೂಲಿಗಾರನಿಗೆ 'ಈ ಮನೆಗೆ ಇನ್ನು ಸಾಲ ಬೇಡ' ಎಂದು ಹೇಳುವ ಸ್ವಾತಂತ್ರ್ಯ ಇರುವುದಿಲ್ಲ.

ಹಾಗೆಂದು ಲಾಭಾಂಶ ಬೇಡವೆಂದ ಮಾತ್ರಕ್ಕೆ ಉದ್ಯಮ ಉಳಿದುಕೊಳ್ಳುತ್ತದೆ ಎಂದೂ ಹೇಳಲಾಗದು. ಹೂಡಿಕೆದಾರ ತಾನು ಹಾಕಿದ ಮೊತ್ತವನ್ನಷ್ಟೇ ವಾಪಸು ಪಡೆಯಬೇಕು ಎಂಬುದು ಯೂನುಸ್ ಅವರ ಸಾಮಾಜಿಕ ವ್ಯವಹಾರದ ಕಲ್ಪನೆ. 2006ರಲ್ಲಿ ಫ್ರಾನ್ಸಿನ ಡಾನೋನ್ ಕಂಪನಿಯೊಂದಿಗೆ ಸೇರಿ ಬಾಂಗ್ಲಾದೇಶದ ಬೋಗ್ರಾದಲ್ಲಿ ಪೌಷ್ಟಿಕಾಂಶ ಬೆರೆಸಿದ 'ಶೊಕ್ತಿ ದೊಯಿ' ಎಂಬ ಮೊಸರಿನ ಯೋಜನೆಯನ್ನು ಅದೇ ತತ್ವದ ಮೇಲೆ ಕಟ್ಟಿದರು. ಹಳ್ಳಿಯ ಮಹಿಳೆಯರು ಮನೆಮನೆಗೆ ಹೋಗಿ ಮಾರುವ ವ್ಯವಸ್ಥೆಯಿತ್ತು. 2008ರಲ್ಲಿ ಹಾಲಿನ ಬೆಲೆ ಏರಿದಾಗ ಮೊಸರಿನ ಬೆಲೆಯನ್ನೂ 5 ಟಾಕಾದಿಂದ 8 ಟಾಕಾಗೆ ಏರಿಸಬೇಕಾಯಿತು, ಹಳ್ಳಿಗಳಲ್ಲಿ ಮಾರಾಟ ನೆಲಕಚ್ಚಿತು, ಬಳಿಕ ನಗರದ ಗ್ರಾಹಕರಿಗೆ ಹೆಚ್ಚಿನ ಬೆಲೆಗೆ ಮಾರಿ ತೂಗಿಸುವ ದಾರಿಯನ್ನು ಹಿಡಿದರು. ಬಡವರಿಗೆ ಮಾರುವ ಸರಕಿನಲ್ಲಿ ಮೂರು ಟಾಕಾ ಎಂದರೆ ಸಣ್ಣ ಮೊತ್ತವಲ್ಲವೆಂಬುದು ಲೆಕ್ಕಿಗನಿಗಿಂತ ಮೊಸರು ಮಾರುವವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೆಲವು ಸರ್ಕಾರಗಳು ಉಳಿಕೆಯ ಪ್ರಶ್ನೆಯನ್ನು ನೇರವಾಗಿ ಕಾನೂನಿಗೇ ಸೇರಿಸಿವೆ. ದಕ್ಷಿಣ ಕೊರಿಯಾದ 2007ರ ಕಾಯ್ದೆಯಂತೆ ಸರ್ಕಾರದ ಪ್ರಮಾಣೀಕರಣವಿಲ್ಲದೆ ಯಾರೂ ಸಾಮಾಜಿಕ ಉದ್ಯಮ ಎಂಬ ಹೆಸರನ್ನು ಬಳಸುವಂತಿಲ್ಲ, ಮತ್ತು ಪ್ರಮಾಣಪತ್ರ ಪಡೆದದ್ದು ಕಂಪನಿಯಾಗಿದ್ದರೆ ಹಂಚಬಹುದಾದ ಲಾಭದಲ್ಲಿ ಮೂರರಲ್ಲಿ ಎರಡು ಪಾಲನ್ನು ಸಾಮಾಜಿಕ ಉದ್ದೇಶಕ್ಕೇ ಬಳಸಬೇಕು. ವಿಯೆಟ್ನಾಂ ತನ್ನ 2014ರ ಉದ್ಯಮ ಕಾನೂನಿನಲ್ಲಿ ಈ ಪ್ರಮಾಣವನ್ನು ಕನಿಷ್ಠ ಶೇ 51 ಎಂದು ಇಟ್ಟಿತು. ಥಾಯ್ಲೆಂಡ್ 2019ರಲ್ಲಿ ಶೇ 70 ಎಂದಿತು. ಕೊರಿಯಾದ ಮಾದರಿಯಲ್ಲಿ ಸರ್ಕಾರ ಕೆಲಸಗಾರರ ಸಂಬಳಕ್ಕೂ ನೆರವು ಕೊಟ್ಟಿತಾದ್ದರಿಂದ ಸಂಸ್ಥೆಗಳ ಸಂಖ್ಯೆ ಬೇಗನೆ ಬೆಳೆಯಿತು. ಆದರೆ ಸಂಬಳ ಹೊರಗಿನಿಂದ ಬರುವಾಗ ಗ್ರಾಹಕ ನಿಜವಾಗಿಯೂ ಇದ್ದಾನೆಯೇ ಎಂಬುದು ಕೆಲವು ವರ್ಷ ತಿಳಿಯುವುದೇ ಇಲ್ಲ ಎಂಬ ಆತಂಕ ನನ್ನದು.

ಭಾರತದಲ್ಲಿ ಇಂತಹ ಪ್ರತ್ಯೇಕ ಕಾಯ್ದೆ ಇಲ್ಲ. ಇರುವ ಸ್ವರೂಪಗಳಲ್ಲಿಯೇ ಆರಿಸಿಕೊಳ್ಳಬೇಕು. ಟ್ರಸ್ಟ್ ಅಥವಾ ಸೊಸೈಟಿಯಾದರೆ ದಾನ ಪಡೆಯುವುದು ಸುಲಭ, ವ್ಯಾಪಾರ ಮಾಡುವುದು ಕಿರಿಕಿರಿ. ಕಂಪನಿ ಕಾಯ್ದೆಯ ಸೆಕ್ಷನ್ 8ರ ಕಂಪನಿಗೆ ವ್ಯಾಪಾರ ಮಾಡಲು ಅಡ್ಡಿಯಿಲ್ಲ, ಆದರೆ ಲಾಭಾಂಶ ಹಂಚುವಂತಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022ರಲ್ಲಿ ನಿಯಮಗಳನ್ನು ರೂಪಿಸಿದ ಸಾಮಾಜಿಕ ಷೇರು ವಿನಿಮಯ ಕೇಂದ್ರದ ಬಗ್ಗೆ ತಾವು ಕೇಳಿರಬಹುದು; ಅಲ್ಲಿ ಲಾಭರಹಿತ ಸಂಸ್ಥೆಗಳು ಹಣ ಸಂಗ್ರಹಿಸಲು ಹೊರಡಿಸುವ ಪತ್ರಗಳಿಗೆ ಬಡ್ಡಿಯೂ ಇಲ್ಲ, ಅಸಲೂ ಹಿಂದಿರುಗುವುದಿಲ್ಲ, ಅಂದರೆ ಅದು ಲೆಕ್ಕ ಕೊಡುವ ಶಿಸ್ತಿಗೆ ಒಳಪಟ್ಟ ದಾನ. ಹೊಸ ಘಟಕಕ್ಕೆ ಸದ್ಯಕ್ಕೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಕನಿಷ್ಠ ಮೂರು ವರ್ಷ ನೋಂದಣಿಯಲ್ಲಿರಬೇಕೆಂಬ ಷರತ್ತಿದೆ.

ನೇಕಾರ ಮಹಿಳೆಯರೇ ಮುಂದೆ ನಿಂತು ನಡೆಸುವುದಾದರೆ ಉತ್ಪಾದಕರ ಕಂಪನಿಯನ್ನು ನೋಂದಾಯಿಸಿ ಎಂಬುದು ನನ್ನ ಸಲಹೆ. 2002ರ ತಿದ್ದುಪಡಿಯ ಮೂಲಕ ಬಂದ ಈ ಸ್ವರೂಪದಲ್ಲಿ ಕೃಷಿಕರಷ್ಟೇ ಅಲ್ಲದೆ ಕೈಮಗ್ಗ ಮತ್ತು ಕರಕುಶಲ ಉತ್ಪಾದಕರೂ ಸೇರುತ್ತಾರೆ. ಹತ್ತು ಮಂದಿ ಉತ್ಪಾದಕರು ಸೇರಿದರೆ ಸಾಕು. ಎಷ್ಟೇ ಷೇರಿದ್ದರೂ ಪ್ರತಿ ಸದಸ್ಯೆಗೆ ಒಂದೇ ಮತ. ವರ್ಷದ ಕೊನೆಯಲ್ಲಿ ಉಳಿದದ್ದನ್ನು ಯಾರು ಎಷ್ಟು ಸರಕು ಒದಗಿಸಿದರು ಎಂಬುದರ ಆಧಾರದ ಮೇಲೆ ಬೋನಸ್ ಆಗಿ ಹಂಚಬಹುದು. 1946ರಲ್ಲಿ ಆನಂದ್‌ನಲ್ಲಿ ಆರಂಭವಾದ ಹಾಲು ಸಹಕಾರ ಸಂಘದ ತತ್ವವೇ ಇಲ್ಲಿ ಕಂಪನಿಯ ಉಡುಪು ತೊಟ್ಟಿದೆ. ನಮ್ಮ ಊರುಗಳ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನಂಶ ನೋಡಿ ದರ ಕಟ್ಟಿ, ವರ್ಷಕ್ಕೊಮ್ಮೆ ಬೋನಸ್ ಕೊಡುವುದನ್ನು ಕಂಡವರಿಗೆ ಇದು ಹೊಸದಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಉತ್ಪಾದಕರಲ್ಲದವರು ಷೇರು ಕೊಳ್ಳುವಂತಿಲ್ಲವಾದ್ದರಿಂದ ಹೊರಗಿನ ಹೂಡಿಕೆ ಬರುವುದಿಲ್ಲ, ನೂಲಿಗೂ ದಾಸ್ತಾನಿಗೂ ಬೇಕಾದ ದುಡಿಮೆ ಬಂಡವಾಳವನ್ನು ಸಾಲವಾಗಿಯೇ ತರಬೇಕು. ಸೀರೆ ನೇಯ್ದು ಮುಗಿಸಿದ ದಿನವೇ ಕೂಲಿ ಕೊಡಬೇಕಾಗುತ್ತದೆ, ಅಂಗಡಿಯವನು ಹಣ ಕೊಡುವುದು ಎರಡು ಮೂರು ತಿಂಗಳ ನಂತರ. ನಾನು ಪರಿಶೀಲಿಸಿದ ನೇಕಾರರ ಸಂಘಗಳಲ್ಲಿ ಸೊರಗಿದವು ಬಹುಪಾಲು ಈ ಅಂತರದಲ್ಲಿಯೇ ಸೊರಗಿದವು, ಮಾರುಕಟ್ಟೆ ಇಲ್ಲದೆ ಅಲ್ಲ. ಆದ್ದರಿಂದ ನೋಂದಣಿಗೆ ಮೊದಲು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್‌ನ ಜಿಲ್ಲಾ ಅಧಿಕಾರಿಯನ್ನೂ ಸ್ಥಳೀಯ ಬ್ಯಾಂಕಿನ ವ್ಯವಸ್ಥಾಪಕರನ್ನೂ ಭೇಟಿಯಾಗಿ, ಆ ಎರಡು ಮೂರು ತಿಂಗಳ ಕೂಲಿಗೆ ಎಷ್ಟು ಹಣ ಬೇಕೆಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ, ಸಾಲದ ಮಿತಿ ಎಷ್ಟು ಸಿಗಬಹುದೆಂದು ಕೇಳಿಕೊಂಡು ಬನ್ನಿ. ಎಷ್ಟು ಮಗ್ಗಗಳೊಂದಿಗೆ ಆರಂಭಿಸಬಹುದು ಎಂಬುದನ್ನು ಆ ಮೊತ್ತವನ್ನು ನೋಡಿಯೇ ತೀರ್ಮಾನಿಸಿ.