'ಎಲ್ಲರಿಗೂ' ಎಂದು ಬರೆದದ್ದು ನಮ್ಮ ತಪ್ಪು

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "1829ರಲ್ಲಿ ಅಧ್ಯಕ್ಷರಾದ ಆಂಡ್ರ್ಯೂ ಜಾಕ್ಸನ್ ಕಾಲಕ್ಕೆ ಅಮೆರಿಕದಲ್ಲಿ ಎಲ್ಲರಿಗೂ ಮತದಾನದ ಹಕ್ಕು ಬಂತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಗುಲಾಮಗಿರಿ ಇನ್ನೂ ಮೂವತ್ತು ಚಿಲ್ಲರೆ ವರ್ಷ ಉಳಿದದ್ದು ಹೇಗೆ? ಮತದಾರರು ಜಾಸ್ತಿಯಾದರೂ ಉತ್ತರ-ದಕ್ಷಿಣದ ಜಗಳ ಯಾಕೆ ನಿಲ್ಲಲಿಲ್ಲ?"

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಅಲ್ಲಿ 'ಬಿಳಿಯ ಗಂಡಸರಿಗೆ' ಎಂದಿರಬೇಕಿತ್ತು. ಪ್ರೂಫ್ ನೋಡಿದವನು ನಾನೇ. ಬೇರೆ ಯಾರನ್ನೂ ದೂರುವಂತಿಲ್ಲ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ತಿದ್ದುಪಡಿಯಲ್ಲೇ ಇದೆ. ನ್ಯೂಯಾರ್ಕನ್ನೇ ನೋಡಿ. ಅಲ್ಲಿನ 1777ರ ಸಂವಿಧಾನ ಮತದಾರನ ಆಸ್ತಿ ಕೇಳುತ್ತಿತ್ತು, ಬಣ್ಣ ಕೇಳುತ್ತಿರಲಿಲ್ಲ. 1821ರಲ್ಲಿ ಹೊಸದನ್ನು ಬರೆದರು. ಬಿಳಿಯರಾದರೆ ತೆರಿಗೆ ಕಟ್ಟಿದ್ದರೆ ಸಾಕು, ರಸ್ತೆ ಕೆಲಸಕ್ಕೆ ಹೋಗಿದ್ದರೂ ಸಾಕು. ಕಪ್ಪು ವರ್ಣದವರಾದರೆ ಮಾತ್ರ 250 ಡಾಲರ್ ಬೆಲೆಯ ಆಸ್ತಿ ಇರಲೇಬೇಕು. ಎರಡೂ ಒಂದೇ ಸಭೆಯ ತೀರ್ಮಾನ! ನ್ಯೂಜೆರ್ಸಿಯಲ್ಲಂತೂ ಆಸ್ತಿಯಿದ್ದ ವಿಧವೆಯರು, ಮದುವೆಯಾಗದ ಹೆಂಗಸರು ಕೂಡ ಮತ ಹಾಕುತ್ತಿದ್ದರು. 1807ರಲ್ಲಿ ಅದನ್ನೂ ಕಿತ್ತುಕೊಂಡರು.

ಇನ್ನು ಜಗಳದ ವಿಷಯ. 1819ರಲ್ಲಿ ಗುಲಾಮರಿದ್ದ ದಕ್ಷಿಣದ ರಾಜ್ಯಗಳು 11, ಗುಲಾಮಗಿರಿ ಬೇಡವೆಂದ ಉತ್ತರದ ರಾಜ್ಯಗಳು 11. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸೀಟು, ಹಾಗಾಗಿ ತಕ್ಕಡಿ ಸಮ. ಅಷ್ಟರಲ್ಲಿ ಗುಲಾಮರಿದ್ದ ಮಿಸೌರಿ ಪ್ರಾಂತ್ಯ ತನ್ನನ್ನೂ ರಾಜ್ಯವಾಗಿ ಸೇರಿಸಿಕೊಳ್ಳಿ ಎಂದಿತು. ಅಲ್ಲಿಗೆ ಹೊಸ ಗುಲಾಮರನ್ನು ತರಬಾರದು ಎಂದು ನ್ಯೂಯಾರ್ಕಿನ ಪ್ರತಿನಿಧಿ ಜೇಮ್ಸ್ ಟಾಲ್ಮಡ್ಜ್ ಪಟ್ಟು ಹಿಡಿದರು. ಉತ್ತರದವರೇ ಹೆಚ್ಚಿದ್ದ ಪ್ರತಿನಿಧಿ ಸಭೆ ಒಪ್ಪಿತು, ಸೆನೆಟ್ ಒಪ್ಪಲಿಲ್ಲ. ಪ್ರತಿನಿಧಿ ಸಭೆಯ ಲೆಕ್ಕವೂ ವಿಚಿತ್ರ: ಐವರು ಗುಲಾಮರನ್ನು ಮೂವರೆಂದು ಎಣಿಸಿ ದಕ್ಷಿಣಕ್ಕೆ ಸೀಟು ಕೊಡುತ್ತಿದ್ದರು. ಗುಲಾಮನಿಗೆ ಮತವಿಲ್ಲ, ಅವನ ತಲೆಯೆಣಿಕೆಯ ಲಾಭ ಯಜಮಾನನಿಗೆ.

ಕೊನೆಗೆ 1820ರಲ್ಲಿ ರಾಜಿಯಾಯಿತು. ಮಿಸೌರಿಗೆ ಜೊತೆಯಾಗಿ ಗುಲಾಮಗಿರಿ ಇಲ್ಲದ ಮೇನ್ ರಾಜ್ಯವನ್ನು ಸೇರಿಸಿ ತಕ್ಕಡಿ ಸರಿ ಮಾಡಿದರು. ನಡುರಾತ್ರಿ ಬೆಂಕಿ ಬಿದ್ದಿದೆ ಎಂದು ಎಚ್ಚರಿಸುವ ಗಂಟೆ ಕೇಳಿದ ಹಾಗಾಯಿತು ಎಂದು ಮಾಜಿ ಅಧ್ಯಕ್ಷ, ಮುದುಕ ಜೆಫರ್ಸನ್ ಪತ್ರ ಬರೆದದ್ದು ಆಗಲೇ.

ಆ ಗಂಟೆ ಕೇಳಿಸದ ಹಾಗೆ ಮಾಡಿದ್ದು ಪಕ್ಷ ರಾಜಕೀಯ. ಅಧ್ಯಕ್ಷ ಚುನಾವಣೆಯಲ್ಲಿ ಮತ ಹಾಕಿದವರು 1824ರಲ್ಲಿ 4 ಲಕ್ಷಕ್ಕೂ ಕಡಿಮೆ. 1828ರಲ್ಲಿ 11 ಲಕ್ಷ ದಾಟಿದರು, ಜಾಕ್ಸನ್ ಗೆದ್ದರು. ಇಷ್ಟು ಜನರನ್ನು ಒಂದೇ ಪಕ್ಷದಡಿ ತರುವುದು ಹೇಗೆ? ಜಾಕ್ಸನ್ ಬೆಂಬಲಿಗರಾದ ನ್ಯೂಯಾರ್ಕಿನ ರಾಜಕಾರಣಿ ಮಾರ್ಟಿನ್ ವಾನ್ ಬ್ಯೂರನ್ 1827ರಲ್ಲೇ ವರ್ಜೀನಿಯಾದ ಪತ್ರಿಕಾ ಸಂಪಾದಕ ಥಾಮಸ್ ರಿಚಿಗೆ ಬರೆದಿದ್ದರು: ದಕ್ಷಿಣದ ಪ್ಲಾಂಟರುಗಳೂ (ಗುಲಾಮರನ್ನು ದುಡಿಸುವ ದೊಡ್ಡ ತೋಟಗಳ ಯಜಮಾನರು) ಉತ್ತರದ ಸಾಮಾನ್ಯ ಜನರೂ ಒಂದಾಗಬೇಕು. ಒಂದಾಗಬೇಕಾದರೆ ಗುಲಾಮಗಿರಿಯ ಮಾತೆತ್ತಬಾರದು, ಅಲ್ವಾ? ಹಾಗಾಗಿ ಮತದಾರರು ಹೆಚ್ಚಿದಷ್ಟೂ ಮೌನವೂ ಲಾಭದ್ದಾಯಿತು.

ಆದರೂ ಜಗಳ ಬೇರೆ ಬಾಗಿಲಿಂದ ಬರುತ್ತಿತ್ತು. 1832ರಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯ ಕೇಂದ್ರದ ಆಮದು ಸುಂಕದ ಕಾನೂನು ನಮ್ಮಲ್ಲಿ ನಡೆಯದು ಎಂದು ಸವಾಲು ಹಾಕಿತು. ತಮಾಷೆ ನೋಡಿ: ತನ್ನ ಜನರ ಹಕ್ಕು ಎಂದು ಅಷ್ಟು ಕೂಗಾಡಿದ ಆ ರಾಜ್ಯದಲ್ಲಿ ಅಧ್ಯಕ್ಷರ ಚುನಾವಣೆಗೆ ಬಿಳಿಯ ರೈತನಿಗೂ ಮತವಿರಲಿಲ್ಲ. 1860ರವರೆಗೂ ಎಲೆಕ್ಟರ್‌ಗಳನ್ನು, ಅಂದರೆ ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವವರನ್ನು, ಆರಿಸುತ್ತಿದ್ದದ್ದು ಅಲ್ಲಿನ ಶಾಸಕರೇ.