ಸಕಲೇಶಪುರದ ಕಾಫಿ ಗೋದಾಮಿನಲ್ಲಿ ಅರ್ಧ ಟನ್ ಮೂಟೆ ಮೇಲೆತ್ತಲು ಹಳೇ 3 ಎಚ್‌ಪಿ ಪಂಪ್ ಮೋಟಾರ್ ಆಗುತ್ತಾ?

ನೀವು ಕೊಟ್ಟಿರುವ ಲೆಕ್ಕ: 50 ಕೆಜಿಯ ಹತ್ತು ಮೂಟೆ, 6 ಮೀಟರ್ ಎತ್ತರ. 3 ಎಚ್‌ಪಿ ಸಾಕು. ಆದರೆ ಆ ಮೋಟಾರ್ ಬೇಡ.

ಮೂಟೆ 500, ತಟ್ಟೆ, ಕೊಕ್ಕೆ ಎಲ್ಲ ಸೇರಿ 100, ಒಟ್ಟು 600 ಕೆಜಿ. ನಿಮಿಷಕ್ಕೆ 8 ಮೀಟರ್ ವೇಗ ಇಟ್ಟರೆ 45 ಸೆಕೆಂಡಿಗೆ ಮೇಲೆ ಹೋಗುತ್ತದೆ. ಭಾರ × ಗುರುತ್ವ × ಸೆಕೆಂಡಿಗೆ ಮೀಟರ್ ಲೆಕ್ಕದ ವೇಗ: 600 × 9.81 × 0.133, ಅಂದರೆ ಸುಮಾರು 785 ವ್ಯಾಟ್. ವರ್ಮ್ (ಸ್ಕ್ರೂ ಆಕಾರದ ಹಲ್ಲಿನ) ಗೇರ್‌ಬಾಕ್ಸ್, ರಾಟೆ, ರೋಪು ಸೇರಿ ಹತ್ತಿರಹತ್ತಿರ ಅರ್ಧ ನುಂಗುತ್ತವೆ; ಮೋಟಾರಿನಿಂದ ಒಂದೂವರೆ ಕಿಲೋವ್ಯಾಟ್ ಬೇಕು. 2 ಎಚ್‌ಪಿ ಅಂಚಿನಲ್ಲೇ ನಿಲ್ಲುತ್ತದೆ. 1440 ಆರ್‌ಪಿಎಂನ 3 ಎಚ್‌ಪಿ ತ್ರೀ ಫೇಸ್ ಮೋಟಾರ್, 60ಕ್ಕೆ 1ರ ಗೇರ್‌ಬಾಕ್ಸ್, ರೋಪಿನ ನಡುಗೆರೆಗೆ 210 ಮಿ.ಮೀ. ವ್ಯಾಸ ಬರುವ ಡ್ರಮ್, ಕೊಕ್ಕೆಯ ರಾಟೆ ಸುತ್ತಿ ಎರಡು ಎಳೆಯಾಗಿ ಬರುವ ರೋಪು: ಇಷ್ಟಕ್ಕೆ ಆ ವೇಗ ಸರಿಯಾಗಿ ಕೂರುತ್ತದೆ.

ಎಚ್‌ಪಿಗಿಂತ ತಲೆಕೆಡಿಸಿಕೊಳ್ಳಬೇಕಾದ್ದು ವೋಲ್ಟೇಜ್. ಮೋಟಾರಿನ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಇಳಿಯುತ್ತದೆ. 415 ಇರಬೇಕಾದಲ್ಲಿ 340 ಬಂದರೆ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ. ಪಂಪು ಹಗುರವಾಗಿ ತಿರುಗಲು ಶುರು ಮಾಡುತ್ತದೆ, ಹಾಗಾಗಿ ತಡೆದುಕೊಳ್ಳುತ್ತದೆ. ಹೊರೆ ಎತ್ತುವ ಮೋಟಾರಿಗೆ ಮೊದಲ ಕ್ಷಣದಿಂದಲೇ ಪೂರ್ತಿ ಭಾರ. ತಿರುಗದೆ ಗುಂಯ್‌ಗುಟ್ಟುತ್ತಾ ವೈಂಡಿಂಗ್ ಸುಡುತ್ತದೆ. ಮೊದಲು ಕಡಿಮೆ ವೋಲ್ಟೇಜಿನಲ್ಲಿ ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಸ್ಟಾರ್ಟಿಂಗ್ ಟಾರ್ಕ್ ಮೂರನೇ ಒಂದಕ್ಕೆ ಬೀಳುತ್ತದೆ, ಅದನ್ನಂತೂ ಹಾಕಲೇಬೇಡಿ. ಕೊಳ್ಳುವಾಗ ನೇಮ್‌ಪ್ಲೇಟ್‌ನಲ್ಲಿ ಎಸ್4, 40% ಡ್ಯೂಟಿ (ಮತ್ತೆ ಮತ್ತೆ ಚಾಲೂ ಮಾಡಿ ನಿಲ್ಲಿಸುವ ಕೆಲಸ, ಪ್ರತಿ ಸುತ್ತಿನಲ್ಲಿ 40% ಹೊತ್ತು ಓಟ) ಇದೆಯಾ ನೋಡಿ. ಪಂಪ್ ಮೋಟಾರ್ ಎಸ್1, ಒಮ್ಮೆ ಹಚ್ಚಿ ಗಂಟೆಗಟ್ಟಲೆ ಓಡಿಸುವುದಕ್ಕೆ ಮಾಡಿದ್ದು.

ಎರಡನೆಯದು ಬ್ರೇಕ್. ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್‌ನಿಂದ ಹಿಡಿಯುವ ಬ್ರೇಕ್ ಮೋಟಾರೇ ಬೇಕು. 3 ಎಚ್‌ಪಿಯ ಟಾರ್ಕ್ ಸುಮಾರು 15 ನ್ಯೂಟನ್ ಮೀಟರ್, ಬ್ರೇಕ್ ಅದರ ಎರಡು ಪಟ್ಟು ಇರಲಿ. 'ವರ್ಮ್ ಗೇರ್ ಹಿಂದಕ್ಕೆ ಜಾರೋದಿಲ್ಲ ಸಾರ್' ಅನ್ನುವ ವರ್ಕ್‌ಶಾಪ್ ಮಾತು ನಂಬಿ ಬ್ರೇಕ್ ಬಿಡಬೇಡಿ. ಎಣ್ಣೆ ಚೆನ್ನಾಗಿದ್ದು ಅದುರಿದರೆ ಅದೂ ಜಾರುತ್ತದೆ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕುವುದಾದರೆ ಬ್ರೇಕ್ ಕಾಯಿಲ್‌ಗೆ ಬೇರೆ ಲೈನ್ ಕೊಡಿ, ಅದರ ಔಟ್‌ಪುಟ್‌ನಿಂದ ಎಳೆಯಬೇಡಿ. ಹೊರೆ ಇಳಿಯುವಾಗ ಡ್ರೈವ್ ಟ್ರಿಪ್ ಆಗದಿರಲು ವಾಪಸ್ ಬರುವ ಶಕ್ತಿಯನ್ನು ಶಾಖವಾಗಿಸುವ ಬ್ರೇಕಿಂಗ್ ರೆಸಿಸ್ಟರ್ ಬೇಕು.

ತೋಟದಲ್ಲಿ ಸಿಂಗಲ್ ಫೇಸ್ ಮಾತ್ರವಿದ್ದರೆ ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿ ಸಿಗುತ್ತದೆ. ಅದರ ಔಟ್‌ಪುಟ್ ತ್ರೀ ಫೇಸ್ 230 ವೋಲ್ಟ್, ಹಾಗಾಗಿ ಸ್ಟಾರ್‌ನಲ್ಲಿರುವ ಮೋಟಾರನ್ನು ಡೆಲ್ಟಾಗೆ (ವೈಂಡಿಂಗ್ ಜೋಡಣೆಯ ಎರಡು ಬಗೆ) ಬದಲಿಸಬೇಕು. ನೇಮ್‌ಪ್ಲೇಟ್ ಒಪ್ಪಿದರೆ ಮಾತ್ರ.

ಮಲೆನಾಡಿನಲ್ಲಿ ಇನ್ನೊಂದು ಕಾಟ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ, ಮತ್ತೆ ಜೋಡಿಸುವಾಗ ಫೇಸ್ ಅದಲುಬದಲಾಗುತ್ತದೆ. ಆಮೇಲೆ 'ಮೇಲೆ' ಬಟನ್ ಒತ್ತಿದರೆ ತಟ್ಟೆ ಕೆಳಗಿಳಿಯುತ್ತದೆ. ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ: 'ಕೆಳಗೆ' ಒತ್ತಿದಾಗ ಮೇಲೇರುವ ಕೊಕ್ಕೆಯನ್ನು ಮೇಲಿನ ಲಿಮಿಟ್ ಸ್ವಿಚ್ (ತುದಿ ಮುಟ್ಟಿದಾಗ ಕರೆಂಟ್ ಕಡಿಯುವ ಸ್ವಿಚ್) ತಡೆಯುವುದೇ ಇಲ್ಲ, ಏಕೆಂದರೆ ಅದು ಕಡಿಯುವುದು 'ಮೇಲೆ' ಬಟನ್ನಿನ ಕಾಂಟ್ಯಾಕ್ಟರನ್ನು (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್). ರೋಪು ತುಂಡಾಗುತ್ತದೆ. ಫೇಸ್ ಸೀಕ್ವೆನ್ಸ್ ಮತ್ತು ಸಿಂಗಲ್ ಫೇಸಿಂಗ್ (ಒಂದು ಫೇಸ್ ಹೋಗುವುದು) ಎರಡನ್ನೂ ಹಿಡಿಯುವ ರಿಲೇ ಹಾಕಿಸಿ.

ತಿಂಗಳುಗಟ್ಟಲೆ ನಿಂತ ಬ್ರೇಕ್ ತೇವಕ್ಕೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಕುಯ್ಲು ಶುರುವಾಗುವ ಮುಂಚೆ ಬಿಚ್ಚಿ ನೋಡಿ. ಆಮೇಲೆ ತಟ್ಟೆಯ ಮೇಲೆ 625 ಕೆಜಿ (ಮೂಟೆಯ 500ರ ಒಂದೂಕಾಲು ಪಟ್ಟು) ಹೇರಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಅರ್ಧದಲ್ಲಿ ಮೇನ್ ಆಫ್ ಮಾಡಿ. ಒಂದು ಗೇಣಾದರೂ ಜಾರಿದರೆ ಆ ಬ್ರೇಕ್ ಬಳಸಬೇಡಿ.