ಮೆಕ್ಸಿಕೊ ಗಡಿಯ ಪ್ರವಾಸಿ ಚೀಟಿ: ದುಡ್ಡು ಎಲ್ಲಿ ಕಟ್ಟಬೇಕು, ಯಾರಿಗೆ ಒಪ್ಪಿಸಬೇಕು

ಓದುಗರ ಪತ್ರದ ಸಾರ: ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಮಗನ ಮನೆಗೆ ನಾನೂ ನನ್ನ ಪತ್ನಿಯೂ ವಿಸಿಟರ್ ವೀಸಾದ ಮೇಲೆ ಬಂದಿದ್ದೇವೆ. ನಮ್ಮಿಬ್ಬರ ವೀಸಾ ಚಾಲ್ತಿಯಲ್ಲಿದೆ. ಮಗ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿದ್ದಾನೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುಗಿದಿದೆ, ಆದರೆ ಐ-797 ನವೀಕರಣವಾಗಿದೆ. ಮೂವರೂ ಅವನ ಕಾರಿನಲ್ಲಿ ಟಿಹುವಾನಾ ದಾಟಿ ಲಾ ಪಾಸ್‌ವರೆಗೆ ಹೋಗಿ, ಅಲ್ಲಿಂದ ಕಾರಿನ ಸಮೇತ ಹಡಗು ಹತ್ತಿ ಮಾಸಾಟ್ಲಾನ್ ಸೇರಿ, ನೋಗಾಲೆಸ್ ಮೂಲಕ 12 ದಿನಗಳಲ್ಲಿ ವಾಪಸಾಗುವ ಯೋಚನೆ. ಪ್ರವಾಸಿ ಚೀಟಿಗೆ ದುಡ್ಡೇ ಇಲ್ಲ ಅಂತ ಒಬ್ಬರು, ತಲೆಗೆ ಎಂಟುನೂರು ಚಿಲ್ಲರೆ ಪೆಸೊ ಅಂತ ಇನ್ನೊಬ್ಬರು. ಚೀಟಿಯನ್ನು ವಾಪಸ್ ಕೊಡಬೇಕೆ, ಕೊಡುವುದಾದರೆ ಯಾರಿಗೆ? ವಿಮಾನದಲ್ಲಿ ಕಾನ್‌ಕೂನ್‌ಗೆ ಇಳಿದು ರಸ್ತೆಯಲ್ಲಿ ಬೆಲೀಜ್‌ಗೆ ದಾಟಿದ ಪರಿಚಯದವರೊಬ್ಬರು ಅದೇ ಶುಲ್ಕವನ್ನು ಎರಡು ಸಲ ಕಟ್ಟಿದರಂತೆ. ಅದು ಹೇಗೆ?

ಸಂಪಾದಕರ ಉತ್ತರ:

ನೀವು ಕೇಳಿದ್ದಕ್ಕೆ ಬರುವ ಮೊದಲು, ಪತ್ರದಲ್ಲಿ ಬಾಯಿಮಾತಿಗೆ ಎಂಬಂತೆ ಹೇಳಿರುವ ಒಂದು ಸಂಗತಿಯನ್ನು ಎತ್ತಿಕೊಳ್ಳಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊ ಪ್ರವೇಶಕ್ಕೆ ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇದ್ದರೆ ಅದರಿಂದ ವಿನಾಯಿತಿ ಉಂಟು. ನಿಮಗೂ ನಿಮ್ಮ ಪತ್ನಿಗೂ ಈ ವಿನಾಯಿತಿ ಸಿಗುತ್ತದೆ. ನಿಮ್ಮ ಮಗನಿಗೆ ಸಿಗುವುದಿಲ್ಲ. ಐ-797 ಎಂಬುದು ಅಮೆರಿಕದಲ್ಲಿ ಕೆಲಸ ಮಾಡಲು ಕೊಟ್ಟ ಒಪ್ಪಿಗೆಪತ್ರವೇ ಹೊರತು ವೀಸಾ ಅಲ್ಲ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ವೀಸಾ ಮುಗಿದಿದ್ದರೂ, ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದು ಎಂದು ತಿಳಿಸುವ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ, ಮೆಕ್ಸಿಕೊಗೋ ಕೆನಡಾಕ್ಕೋ ಹೋಗಿ 30 ದಿನದೊಳಗೆ ಅಮೆರಿಕಕ್ಕೆ ಮರಳಬಹುದು ಎಂಬ ನಿಯಮವಿದೆ. ಅದು ನಿಜವೇ. ಆದರೆ ಆ ನಿಯಮ ಅಮೆರಿಕದ್ದು, ಹಿಂದಿರುಗಿ ಬರುವ ಬಾಗಿಲಿಗೆ ಸಂಬಂಧಿಸಿದ್ದು. ಒಳಗೆ ಹೋಗುವ ಬಾಗಿಲು ಮೆಕ್ಸಿಕೊದ್ದು. ಅವರು ಕೇಳುವುದು ಅವಧಿ ಮುಗಿಯದ ವೀಸಾವನ್ನು. ಹಾಗಾಗಿ ಹೊರಡುವ ಮೊದಲೇ ನಿಮ್ಮ ಮಗ ಮೆಕ್ಸಿಕನ್ ಕಾನ್ಸುಲೇಟಿನಲ್ಲಿ ಪ್ರವಾಸಿ ವೀಸಾ ಮಾಡಿಸಿಕೊಳ್ಳಲಿ. ಹೇಗೂ ಹೋಗುತ್ತೇನಲ್ಲ ಎಂದು ಈ ಪ್ರಯಾಣದಲ್ಲೇ ಅಮೆರಿಕನ್ ವೀಸಾ ಸಂದರ್ಶನಕ್ಕೂ ಅರ್ಜಿ ಹಾಕುವುದು ಬೇಡ. ಅರ್ಜಿ ಹಾಕಿದರೆ ಆ 30 ದಿನದ ಸೌಲಭ್ಯ ಅಲ್ಲಿಗೆ ಮುಗಿಯಿತು. ಹೊಸ ವೀಸಾ ಕೈಗೆ ಬರುವ ತನಕ ಮೆಕ್ಸಿಕೊದಲ್ಲೇ ಕೂರಬೇಕಾಗುತ್ತದೆ.

ಇನ್ನು ಚೀಟಿಯ ವಿಷಯ. ಅದರ ಹೆಸರು ಎಫ್‌ಎಂಎಂ. ಕೊಡುವುದು ಮೆಕ್ಸಿಕೊದ ವಲಸೆ ಇಲಾಖೆ, ಅಂದರೆ ಐಎನ್‌ಎಂ. ಗರಿಷ್ಠ ಅವಧಿ 180 ದಿನ. ಅಲ್ಲಿನ ಫೆಡರಲ್ ಶುಲ್ಕ ಕಾಯಿದೆಯ 8ನೇ ವಿಧಿಯ ಪ್ರಕಾರ ಪ್ರವಾಸಿ ಒಬ್ಬರಿಗೆ 2024ರಲ್ಲಿ 717 ಪೆಸೊ ಇತ್ತು, 2025ರಲ್ಲಿ 861 ಆಯಿತು. ಪ್ರತಿ ಜನವರಿಗೆ ಈ ದರ ಪರಿಷ್ಕರಣೆಯಾಗುತ್ತದೆ. ನೀವು ಹೋಗುವ ವರ್ಷದ ದರ ಕೌಂಟರಿನಲ್ಲಿ ಗೊತ್ತಾಗುತ್ತದೆ. ಹಳೆಯ ಬರಹಗಳಲ್ಲಿನ ಅಂಕಿ ನಂಬಿಕೊಂಡು ಎಣಿಸಿ ಒಯ್ಯಬೇಡಿ.

ದುಡ್ಡೇ ಇಲ್ಲ ಎಂದವರ ಮಾತೂ ಸುಳ್ಳಲ್ಲ. ರಸ್ತೆಯ ಮೂಲಕ ಒಳಬಂದು 7 ದಿನ ಮೀರದೆ ಹೊರಡುವವರಿಗೆ ಶುಲ್ಕ ಮಾಫಿ. ಮಾಫಿ ಇರುವುದು ಶುಲ್ಕಕ್ಕೆ ಮಾತ್ರ, ಚೀಟಿಗೆ ಅಲ್ಲ. 2 ದಿನಕ್ಕೆ ಹೋದರೂ ಚೀಟಿ ಬರೆಸಿ ಸೀಲು ಹಾಕಿಸಿಕೊಳ್ಳಲೇಬೇಕು. ನಿಮ್ಮದು 12 ದಿನದ ಪ್ರವಾಸ, ಆದ್ದರಿಂದ ಮೂವರೂ ಕಟ್ಟಬೇಕು. ಅವಧಿ ಮೀರಿದರೆ ಹೊರಡುವಾಗ ಕಟ್ಟಬಹುದು ಎಂದು ಅದೇ ಕಾಯಿದೆಯಲ್ಲಿ ಇದೆ ಎಂದುಕೊಂಡು 7 ದಿನದ ಚೀಟಿ ಹಿಡಿದು ಒಳಹೋಗಬೇಡಿ. ಚೀಟಿಯಲ್ಲಿ ಅಧಿಕಾರಿ 7 ಎಂದು ಬರೆದಿದ್ದರೆ ಎಂಟನೆಯ ದಿನ ನೀವು ಅನುಮತಿ ಇಲ್ಲದೆ ಉಳಿದವರಾಗುತ್ತೀರಿ. ಆಮೇಲೆ ಶುಲ್ಕ ಕಟ್ಟಿದ ಮಾತ್ರಕ್ಕೆ ಆ ದಿನಗಳಿಗೆ ಅನುಮತಿ ಬಂದಂತಾಗುವುದಿಲ್ಲ. ಮೆಕ್ಸಿಕೊದ ಒಳಗೆ ಈ ಚೀಟಿಯ ಅವಧಿಯನ್ನು ವಿಸ್ತರಿಸಲೂ ಬರುವುದಿಲ್ಲ.

8 ದಿನಕ್ಕೂ ಅಷ್ಟೇ ಶುಲ್ಕ, 180 ದಿನಕ್ಕೂ ಅಷ್ಟೇ. ಎಷ್ಟು ದಿನ ಕೊಡಬೇಕೆಂಬುದು ಅಧಿಕಾರಿಗೆ ಬಿಟ್ಟದ್ದು. ನಿಮ್ಮ ಯೋಜನೆ 12 ದಿನದ್ದಾದರೂ 30 ದಿನ ಕೇಳಿ. ಕಾರು ಕೆಟ್ಟೀತು, ಗಾಳಿ ಎದ್ದು ಹಡಗು ತಡವಾದೀತು.

ಈಗ ಟಿಹುವಾನಾದಲ್ಲಿ ಮಾಡಬೇಕಾದ್ದು. ಅಮೆರಿಕದ ಬದಿಯ ಸ್ಯಾನ್ ಇಸಿದ್ರೊದಿಂದ ಕಾರುಗಳು ಎಲ್ ಚಾಪರಾಲ್ ಎಂಬಲ್ಲಿ ಒಳನುಗ್ಗುತ್ತವೆ. ಇಲ್ಲಿ ನಿಮ್ಮನ್ನು ಯಾರೂ ನಿಲ್ಲಿಸದೇ ಇರಬಹುದು. ಹಸಿರು ದೀಪ ಬಿದ್ದರೆ ಕಾರು ನೇರ ಊರೊಳಕ್ಕೆ ಹೋಗಿಬಿಡುತ್ತದೆ. ಆ ದೀಪ ಕಸ್ಟಮ್ಸ್‌ನವರದು, ವಲಸೆ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಹಸಿರು ಬಿತ್ತಲ್ಲ, ಎಲ್ಲ ಮುಗಿಯಿತು ಎಂದು ತಿಳಿದು ಮುಂದೆ ಹೋದವರ ಕೈಯಲ್ಲಿ ಚೀಟಿಯೇ ಇರುವುದಿಲ್ಲ. ಲಾ ಪಾಸ್‌ವರೆಗಿನ ಸುಮಾರು 1,500 ಕಿ.ಮೀ. ದಾರಿಯಲ್ಲಿ ತಪಾಸಣೆಗಳಿವೆ. ಎಲ್ಲಿ ಕೇಳಿದರೂ ತೋರಿಸಲು ಚೀಟಿ ಇರಬೇಕು. ಆದ್ದರಿಂದ ಸರಕು ಘೋಷಣೆ ಮಾಡುವವರ ಸಾಲಿಗೆ ಕಾರನ್ನು ತಿರುಗಿಸಿ, ಪಕ್ಕಕ್ಕೆ ನಿಲ್ಲಿಸಿ, ಅಲ್ಲಿರುವವರಿಗೆ ಎಫ್‌ಎಂಎಂ ಎನ್ನಿ. ಆ ಒಂದು ಮಾತು ಸಾಕು, ಕೈ ತೋರಿಸುತ್ತಾರೆ.

ಒಳಗೆ ಕೆಲಸ ಸಾಮಾನ್ಯವಾಗಿ ಮೂರು ಹೆಜ್ಜೆಯದು. ವಲಸೆ ಕೌಂಟರಿನಲ್ಲಿ ಫಾರ್ಮ್ ತುಂಬುವುದು, ಬ್ಯಾಂಕ್ ಕಿಟಕಿಯಲ್ಲಿ ದುಡ್ಡು ಕಟ್ಟುವುದು, ರಸೀದಿ ಹಿಡಿದು ಮತ್ತೆ ವಲಸೆ ಕೌಂಟರಿಗೆ ಬಂದು ಸೀಲು ಹಾಕಿಸುವುದು. ಗಡಿಯಲ್ಲಿರುವ ಬ್ಯಾಂಕ್ ಮೆಕ್ಸಿಕೊದ ಸೇನಾ ಬ್ಯಾಂಕ್, ಹೆಸರು ಬಾನ್‌ಹೆರ್ಸಿಟೊ. ಜನ ತಪ್ಪುವುದು ಮೂರನೆಯ ಹೆಜ್ಜೆಯಲ್ಲಿ. ದುಡ್ಡು ಕಟ್ಟಿ ರಸೀದಿ ಸಿಕ್ಕಿದ ಸಮಾಧಾನಕ್ಕೆ ನೇರ ಕಾರು ಹತ್ತುತ್ತಾರೆ. ಸೀಲಿಲ್ಲದ ಚೀಟಿಗೆ ಬೆಲೆಯಿಲ್ಲ. ಫಾರ್ಮನ್ನು ಅಂತರ್ಜಾಲದಲ್ಲೇ ತುಂಬಿ ದುಡ್ಡು ಕಟ್ಟಿ ಮುದ್ರಿಸಿಕೊಂಡು ಹೋದವರಿಗೂ ಇದೇ ಮಾತು ಅನ್ವಯ: ಗಡಿಯಲ್ಲಿ ಸೀಲು ಬೀಳುವ ತನಕ ಅದು ಬರೀ ಕಾಗದ. ಹಾಗೆ ಕಟ್ಟುವುದಾದರೆ ತಾಣದ ವಿಳಾಸ ಜಿಒಬಿ ಡಾಟ್ ಎಂಎಕ್ಸ್ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಸರ್ಕಾರದ್ದೇ ಎನ್ನಿಸುವಂತೆ ಕಾಣುವ ಖಾಸಗಿ ತಾಣಗಳು ಮೇಲೊಂದಿಷ್ಟು ಕಿತ್ತುಕೊಳ್ಳುತ್ತವೆ.

ಫಾರ್ಮ್ ತುಂಬುವಾಗ ನಮ್ಮವರಿಗೆ ಕಷ್ಟ ಕೊಡುವುದು ಹೆಸರಿನ ಕಾಲಂ. ಆಪೆಯೀದೋಸ್ ಎಂದಿರುವಲ್ಲಿ ಮನೆತನದ ಹೆಸರು, ನೋಂಬ್ರೆಸ್ ಎಂದಿರುವಲ್ಲಿ ಸ್ವಂತ ಹೆಸರು. ಊರಿನ, ತಂದೆಯ ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮ ಪಾಸ್‌ಪೋರ್ಟುಗಳಲ್ಲಿ ಮನೆತನದ ಹೆಸರಿನ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಖಾಲಿ ಬಿಟ್ಟರೆ ಏನೆನ್ನುತ್ತಾರೋ ಎಂದು ಇನಿಷಿಯಲ್ ಬಿಡಿಸಿ ಹೊಸ ಹೆಸರು ಬರೆಯಬೇಡಿ. ಪಾಸ್‌ಪೋರ್ಟಿನ ಚಿತ್ರವಿರುವ ಪುಟದ ಕೆಳಗೆ, ಬಾಣದ ಗುರುತುಗಳ ನಡುವೆ ಎರಡು ಸಾಲು ಅಚ್ಚಾಗಿರುತ್ತವಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ದಿನಾಂಕ ನಮ್ಮ ಕ್ರಮದಲ್ಲೇ: ದಿನ, ತಿಂಗಳು, ವರ್ಷ. ಅಮೆರಿಕದಲ್ಲಿ ಕೆಲವು ತಿಂಗಳಿದ್ದು ತಿಂಗಳನ್ನು ಮೊದಲು ಬರೆಯುವ ಅಭ್ಯಾಸ ಆಗಿದ್ದರೆ ಇಲ್ಲಿ ಬಿಡಿ. ವಿಳಾಸಕ್ಕೆ ಮೊದಲ ರಾತ್ರಿ ತಂಗುವ ಹೋಟೆಲಿನ ಹೆಸರು, ಊರು ಸಾಕು.

ಸೀಲು ಬಿದ್ದ ಮೇಲೆ ಕೌಂಟರಿನಿಂದ ಕದಲುವ ಮೊದಲು ಚೀಟಿಯನ್ನು ಒಮ್ಮೆ ಓದಿ. ದೀಯಾಸ್ ಎಂದರೆ ದಿನಗಳು. ಆ ಸಂಖ್ಯೆಯನ್ನು ಅಧಿಕಾರಿ ಕೈಯಲ್ಲಿ ಬರೆದಿರುತ್ತಾರೆ. 30 ಕೇಳಿ ದುಡ್ಡು ಕಟ್ಟಿದ ಮೇಲೆ ಅಭ್ಯಾಸಬಲದಿಂದ 7 ಬಿದ್ದಿದ್ದರೆ ತಿದ್ದಿಸಿಕೊಳ್ಳುವ ಜಾಗ ಆ ಕೌಂಟರ್ ಒಂದೇ. ಮೂವರ ಚೀಟಿಯನ್ನೂ ನೋಡಿ. ಬ್ಯಾಂಕಿನ ರಸೀದಿಯನ್ನು ಅವರವರ ಚೀಟಿಗೇ ಪಿನ್ ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಚೀಟಿ ಕಳೆದುಹೋದರೆ ಐಎನ್‌ಎಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಪ್ರತ್ಯೇಕ ಶುಲ್ಕ ಕಟ್ಟಿ ಬದಲಿ ಪಡೆಯಬೇಕು. ಆ ಅಲೆದಾಟದಲ್ಲಿ ಸಂಖ್ಯೆ ಕಾಣುವ ಚಿತ್ರವೊಂದಿದ್ದರೆ ಎಷ್ಟೋ ಹಗುರ.

ಕಾರಿಗೂ ಒಂದು ಪರವಾನಗಿ ಬೇಕು, ಅದನ್ನು ನೀವು ಕೇಳಿಲ್ಲ. ಟಿಹುವಾನಾ, ಲಾ ಪಾಸ್ ಎರಡೂ ಇರುವ ಬಾಹಾ ಪರ್ಯಾಯದ್ವೀಪದೊಳಗೆ ಮಾತ್ರ ಓಡಾಡುವುದಾದರೆ ವಿದೇಶಿ ಕಾರಿಗೆ ಅನುಮತಿ ಬೇಡ. ಹಡಗು ಹತ್ತಿ ಮುಖ್ಯಭೂಮಿಗೆ ದಾಟುತ್ತೀರಿ ಎಂದರೆ ತಾತ್ಕಾಲಿಕ ವಾಹನ ಪರವಾನಗಿ ಇಲ್ಲದೆ ಕಾರನ್ನು ಹತ್ತಿಸುವುದಿಲ್ಲ. ಲಾ ಪಾಸ್‌ನ ಹಡಗುದಾಣ ಪಿಚಿಲಿಂಗೆಯಲ್ಲಿ ಬಾನ್‌ಹೆರ್ಸಿಟೊ ಕಚೇರಿಯೇ ಇದೆ. ಅಲ್ಲಿ ಮೊದಲು ಕೇಳುವುದು ಸೀಲು ಬಿದ್ದ ಎಫ್‌ಎಂಎಂ. ಟಿಹುವಾನಾದಲ್ಲಿ ನಿಲ್ಲದೆ ಬಂದಿದ್ದರೆ ಅದರ ಫಲ ತಿಳಿಯುವುದು ಇಲ್ಲಿ, ಹಡಗು ಹೊರಡುವ ಹೊತ್ತಿಗೆ.

ಕಾರು ಯಾರ ಹೆಸರಿನಲ್ಲಿದೆಯೋ ಅವರೇ ಎದುರಿಗಿರಬೇಕು. ನೋಂದಣಿ ಪತ್ರ, ಚಾಲನಾ ಪರವಾನಗಿ, ಅವರದೇ ಹೆಸರಿನ ಕಾರ್ಡ್ ಬೇಕು. ಕಾರಿನ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆಪತ್ರ ಕೂಡ. ಪರವಾನಗಿಯ ಶುಲ್ಕ ಬೇರೆ, ಠೇವಣಿ ಬೇರೆ. ಠೇವಣಿ 2007 ಮತ್ತು ಆಮೇಲಿನ ಮಾದರಿಯ ಕಾರಿಗೆ 400 ಡಾಲರ್, 2001ರಿಂದ 2006ರವರೆಗಿನದಕ್ಕೆ 300, ಅದಕ್ಕೂ ಹಳೆಯದಕ್ಕೆ 200. ಪರವಾನಗಿಯ ಅವಧಿ ಎಫ್‌ಎಂಎಂನಲ್ಲಿರುವ ದಿನಗಳಿಗೆ ತಳುಕುಹಾಕಿಕೊಂಡಿರುತ್ತದೆ. 30 ದಿನ ಕೇಳಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅವಧಿ ಮುಗಿಯುವುದರೊಳಗೆ ಗಡಿಯ ಬಾನ್‌ಹೆರ್ಸಿಟೊದಲ್ಲಿ ಕಾರನ್ನೂ ಗಾಜಿಗೆ ಅಂಟಿಸಿದ ಹೊಲೊಗ್ರಾಂ ಚೀಟಿಯನ್ನೂ ತೋರಿಸಿ ಪರವಾನಗಿ ರದ್ದು ಮಾಡಿಸಿದರೆ ಠೇವಣಿ ವಾಪಸ್. ಒಂದು ದಿನ ತಡವಾದರೂ ಠೇವಣಿ ಹೋಯಿತು. ರದ್ದಾಗದೆ ಉಳಿದರೆ ಮುಂದೆ ಇನ್ನೊಂದು ಪರವಾನಗಿಯೂ ಸಿಗುವುದಿಲ್ಲ. ಹೊಲೊಗ್ರಾಂ ಅನ್ನು ನೀವೇ ಕೆರೆದು ತೆಗೆಯಬೇಡಿ, ಅದು ಅಲ್ಲಿನ ಸಿಬ್ಬಂದಿಯ ಕೆಲಸ. ಅಮೆರಿಕದ ವಿಮೆ ಮೆಕ್ಸಿಕೊದಲ್ಲಿ ನಡೆಯದು. ಮೆಕ್ಸಿಕನ್ ವಿಮೆ ಬೇರೆ ಮಾಡಿಸಬೇಕು.

ನೋಗಾಲೆಸ್ ದಾರಿಯಲ್ಲಿ ಈ ಕಚೇರಿಗಳು ಇರುವುದು ಗಡಿರೇಖೆಯಲ್ಲಲ್ಲ, ಗಡಿಗಿಂತ 21 ಕಿ.ಮೀ. ದಕ್ಷಿಣಕ್ಕೆ, ಮೆಕ್ಸಿಕೊದ ಒಳಗೆ, ಹೆದ್ದಾರಿಯ ಪಕ್ಕದಲ್ಲಿ. ಕಿಲೋಮೀಟರ್ 21 ಎಂದೇ ಅದರ ಹೆಸರು. ಉತ್ತರಕ್ಕೆ ಬರುವವರು ಊರು ಬಂತೆಂಬ ಅವಸರದಲ್ಲಿ ಅದನ್ನು ದಾಟಿಬಿಡುತ್ತಾರೆ. ಗಡಿಯ ಸಾಲಿನಲ್ಲಿ ನಿಂತಾಗ ನೆನಪಾಗಿ ಮತ್ತೆ ಅಷ್ಟು ದೂರ ವಾಪಸ್ ಓಡುತ್ತಾರೆ. ಬೆಳಿಗ್ಗೆ ಹೊರಡುವಾಗಲೇ ನಕ್ಷೆಯಲ್ಲಿ ಅದನ್ನು ನಿಲ್ದಾಣವೆಂದು ಗುರುತು ಹಾಕಿಡಿ.

ಎಫ್‌ಎಂಎಂ ಒಪ್ಪಿಸುವ ಪಾಡೂ ಹೀಗೆಯೇ. ಉತ್ತರದ ಗಡಿಯಲ್ಲಿ ಮೆಕ್ಸಿಕೊ ಬಿಡುವವರನ್ನು ನಿಲ್ಲಿಸಿ ಚೀಟಿ ಕೇಳುವವರಿಲ್ಲ; ಕಾರುಗಳ ಸಾಲು ನೇರ ಅಮೆರಿಕದ ಅಧಿಕಾರಿಯ ಮುಂದೆ ಹೋಗಿ ನಿಲ್ಲುತ್ತದೆ. ಆ ಸಾಲು ಸೇರುವ ಮೊದಲೇ ಐಎನ್‌ಎಂ ಕಚೇರಿ ಹುಡುಕಿ, ಪಾಸ್‌ಪೋರ್ಟಿನ ಸಮೇತ ಚೀಟಿ ಕೊಟ್ಟು, ಪಾಸ್‌ಪೋರ್ಟಿಗೆ ನಿರ್ಗಮನದ ಸೀಲು ಕೇಳಿ ಹಾಕಿಸಿಕೊಳ್ಳಿ. ಸಾಲಿಗೆ ಸೇರಿದ ಮೇಲೆ ಹಿಂದಿರುಗುವುದು ಕಷ್ಟ. ಮೊದಲು ಕಾರಿನ ಪರವಾನಗಿ ರದ್ದು ಮಾಡಿಸಿ, ಆಮೇಲೆ ಚೀಟಿ ಕೊಡಿ. ಕಾರಿನ ಕೆಲಸಕ್ಕೆ ಚೀಟಿ ಕೇಳಿದರೆ ಕೈಯಲ್ಲಿರಬೇಕಲ್ಲ. ಅಕಸ್ಮಾತ್ ಚೀಟಿ ಕೈಯಲ್ಲೇ ಉಳಿದು ದಾಟಿಬಿಟ್ಟರೆ ಎಸೆಯಬೇಡಿ. ಅಮೆರಿಕ ಪ್ರವೇಶದ ದಾಖಲೆಯೊಂದಿಗೆ ಜೋಪಾನ ಮಾಡಿ, ಮುಂದಿನ ಸಲ ಮೆಕ್ಸಿಕೊಗೆ ಹೋಗುವಾಗ ಒಯ್ಯಿರಿ. ಅವಧಿಯೊಳಗೇ ಹೊರಟಿದ್ದಿರಿ ಎನ್ನುವುದಕ್ಕೆ ನಿಮ್ಮಲ್ಲಿರುವ ಸಾಕ್ಷಿ ಅದೇ.

ಚೀಟಿ ಒಪ್ಪಿಸುವ ಭರದಲ್ಲಿ ಅಮೆರಿಕದ ಕಾಗದವನ್ನು ಯಾರಿಗೂ ಕೊಡಬೇಡಿ. ನಿಮ್ಮ ಮಗನ ಐ-797ಎ ಹಾಳೆಯ ಕೆಳಭಾಗದಲ್ಲೇ ಹೊಸ ಐ-94 ಇರುತ್ತದೆ. ವೀಸಾ ಮುಗಿದವನು 30 ದಿನದೊಳಗೆ ಮರಳಿ ಬರುವುದು ಆ ತುಂಡಿನ ಬಲದ ಮೇಲೆ. ಹೋಗುವಾಗಲೂ ಬರುವಾಗಲೂ ಅದು ಅವನ ಹತ್ತಿರವೇ ಇರಲಿ, ಮೂಲಪ್ರತಿಯೇ ಇರಲಿ.

ಕಾನ್‌ಕೂನ್‌ಗೆ ಇಳಿದು ಬೆಲೀಜ್‌ಗೆ ಹೋದವರ ವಿಷಯ. ವಿಮಾನದಲ್ಲಿ ಬರುವವರ ಎಫ್‌ಎಂಎಂ ಶುಲ್ಕ ಸಾಮಾನ್ಯವಾಗಿ ಟಿಕೆಟ್ ದರದಲ್ಲೇ ಸೇರಿರುತ್ತದೆ. 2022ರಿಂದ ವಿಮಾನ ನಿಲ್ದಾಣಗಳಲ್ಲಿ ಕಾಗದದ ಚೀಟಿ ಹಂತಹಂತವಾಗಿ ಹೋಗಿ, ಪಾಸ್‌ಪೋರ್ಟಿನ ಸೀಲಿನಲ್ಲೇ ದಿನಗಳನ್ನು ಬರೆಯುವ ಪದ್ಧತಿ ಬಂದಿದೆ. ವಿಮಾನದಲ್ಲೇ ಹೊರಟರೆ ಯಾರೂ ಏನೂ ಕೇಳುವುದಿಲ್ಲ. ಚೆತುಮಾಲ್ ಬಳಿ ರಸ್ತೆಯಲ್ಲಿ ಬೆಲೀಜ್‌ಗೆ ದಾಟುವಾಗ ಮಾತ್ರ ಶುಲ್ಕ ಕಟ್ಟಿದ ಪುರಾವೆ ಕೇಳುತ್ತಾರೆ. ಬೋರ್ಡಿಂಗ್ ಪಾಸ್ ತೋರಿಸಿದರೆ ಸಾಲದು, ಅದರಲ್ಲಿ ತೆರಿಗೆಯ ವಿವರ ಇರುವುದಿಲ್ಲ. ಬೇಕಾದ್ದು ಟಿಕೆಟ್ ರಸೀದಿಯ ತೆರಿಗೆ ವಿಂಗಡಣೆ. ಅದರಲ್ಲಿ ಮೆಕ್ಸಿಕೊ ಪ್ರವಾಸಿ ಶುಲ್ಕಕ್ಕೆ ಯುಕೆ ಎಂಬ ಎರಡಕ್ಷರದ ಗುರುತು ಇರುತ್ತದೆ. ಬ್ರಿಟನ್ನಿಗೂ ಅದಕ್ಕೂ ಸಂಬಂಧವಿಲ್ಲ. ಎಕ್ಸ್‌ಡಿ ಎಂದಿರುವುದು ವಿಮಾನ ನಿಲ್ದಾಣದ ಶುಲ್ಕ, ಅದನ್ನು ತೋರಿಸಿ ವಾದಿಸಿದರೆ ಪ್ರಯೋಜನವಿಲ್ಲ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನಲ್ಲಿ ತೆರಿಗೆಗಳೆಲ್ಲ ಒಂದೇ ಮೊತ್ತವಾಗಿ ಅಚ್ಚಾಗಿರುತ್ತವೆ. ವಿಂಗಡಣೆ ಬೇಕೆಂದು ಹೊರಡುವ ಮುಂಚೆಯೇ ಕೇಳಿ ಪಡೆದು, ಮುದ್ರಿಸಿ ಇಟ್ಟುಕೊಳ್ಳಬೇಕು. ನಿಮ್ಮ ಪರಿಚಯದವರ ಟಿಕೆಟ್ಟಿನಲ್ಲಿ ಯುಕೆ ಎಂಬ ಸಾಲು ಇದ್ದರೆ ಅವರು ಎರಡು ಸಲ ಕಟ್ಟಿದ್ದಾರೆ. ಇಲ್ಲದಿದ್ದರೆ ಗಡಿಯಲ್ಲಿ ಕಟ್ಟಿದ್ದೇ ಮೊದಲ ಸಲ. ಬೆಲೀಜ್‌ನವರು ತಮ್ಮ ದೇಶವನ್ನು ರಸ್ತೆಯಲ್ಲಿ ಬಿಡುವಾಗ ವಸೂಲು ಮಾಡುವ ನಿರ್ಗಮನ ಶುಲ್ಕ ಬೇರೆಯದೇ. ಅದನ್ನು ಈ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆಯೇ ಎಂದೂ ಅವರನ್ನು ಒಮ್ಮೆ ಕೇಳಿ ನೋಡಿ.